ಧರ್ಮಾಧ್ಯಕ್ಷರ ಮುಖದ ಪಕ್ಕ ಕೆಂಪು ಬಾಣ ಹಾಕುತ್ತಿದ್ದವಳ ಪ್ರಶ್ನೆ

ಕತ್ತರಿ-ಅಂಟು:

ಎಲ್ಲರಿಗೂ ನಮಸ್ಕಾರ. ಇಲ್ಲಿ ನಾನು ಓದುವುದೇ ಹೆಚ್ಚು, ಬರೆಯುವುದು ಕಡಿಮೆ. ಈ ಸಲ ಸುಮ್ಮನಿರಲು ಆಗಲಿಲ್ಲ.

ಎರಡೂವರೆ ವರ್ಷದಿಂದ ಒಂದು ಕಥೋಲಿಕ ಯೂಟ್ಯೂಬ್ ವಾಹಿನಿಗೆ ವಿಡಿಯೊ ಸಂಕಲನ ಮಾಡಿಕೊಡುತ್ತಿದ್ದೇನೆ. ನಡೆಸುವವರು ಗುರುಗಳಲ್ಲ (ಪಾದ್ರಿಗಳಲ್ಲ), ಸಂಸಾರಸ್ಥರು. ಧರ್ಮಸಭೆಯ ಸುದ್ದಿ, ಅದಕ್ಕೊಂದಿಷ್ಟು ವಿಶ್ಲೇಷಣೆ, ಕೊನೆಗೊಂದು ಪ್ರಾರ್ಥನೆ. ಶುರುವಿನಲ್ಲಿ ಇದ್ದದ್ದು ಇಷ್ಟೇ. ಈಗ ವಾರದ ಐದು ದಿನವೂ ಯಾವುದಾದರೂ ಧರ್ಮಾಧ್ಯಕ್ಷರು (ಬಿಷಪ್) ಏನು ತಪ್ಪು ಮಾಡಿದರು ಎಂಬುದೇ ವಿಷಯ.

ನನ್ನ ಕೆಲಸ ಹೇಗಿರುತ್ತದೆ ಎಂದು ಹೇಳುತ್ತೇನೆ. ಥಂಬ್‌ನೇಲ್‌ಗೆ ಧರ್ಮಾಧ್ಯಕ್ಷರ ಮುಖ ಬೇಕು. ಅವರ ಒಂದು ಗಂಟೆಯ ಪ್ರಬೋಧನೆಯನ್ನು ತೆರೆದು ಒಂದೊಂದೇ ಚೌಕಟ್ಟು ಸರಿಸುತ್ತಾ ಹೋಗುತ್ತೇನೆ. ಮಾತನಾಡುವವರು ಯಾರೇ ಆಗಲಿ, ರೆಪ್ಪೆ ಅರ್ಧ ಮುಚ್ಚಿ ತುಟಿ ಒಂದು ಕಡೆಗೆ ಸೊಟ್ಟಗಾಗುವ ಕ್ಷಣವೊಂದು ಬಂದೇ ಬರುತ್ತದೆ. ಅದನ್ನು ಹಿಡಿಯಬೇಕು. ಬಣ್ಣವನ್ನು ಸ್ವಲ್ಪ ಹಳದಿಗೆ ತಿರುಗಿಸಬೇಕು. ಪಕ್ಕದಲ್ಲಿ ಕೆಂಪು ಬಾಣ, ಮೇಲೆ ದಪ್ಪ ಅಕ್ಷರದಲ್ಲಿ ‘ಮುಚ್ಚಿಟ್ಟರೇ?’ ಎಂಬ ಮಾತು. ಆ ಪ್ರಶ್ನಾರ್ಥಕ ಚಿಹ್ನೆಯನ್ನು ಎಂದೂ ಬಿಡಬಾರದು ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದರು. ಅದಿದ್ದರೆ ನಾವು ಕೇಳಿದಂತೆ, ಇಲ್ಲದಿದ್ದರೆ ನಾವು ಹೇಳಿದಂತೆ.

ಕಳೆದ ತಿಂಗಳು ಒಬ್ಬ ಗುರುಗಳು ತಮ್ಮ ಧರ್ಮಕೇಂದ್ರದಿಂದ ಇದ್ದಕ್ಕಿದ್ದಂತೆ ಹೋದರು. ಧರ್ಮಾಧ್ಯಕ್ಷರು ಏನನ್ನೋ ಮುಚ್ಚಿಹಾಕಲು ಅವರನ್ನು ಸಾಗಹಾಕಿದ್ದಾರೆ ಎಂದು ನಮ್ಮ ವಾಹಿನಿ ಹೇಳಿತು. ಆಧಾರ ಎಂದರೆ ಒಂದು ವಾಟ್ಸ್‌ಆ್ಯಪ್ ಸಂದೇಶ. ಅದನ್ನು ಕಳಿಸಿದವರಿಗೂ ಇನ್ನೊಬ್ಬರು ಕಳಿಸಿದ್ದು. ವಿಷಯ ಏನೆಂದರೆ ಆ ಗುರುಗಳಿಗೆ ಆರೋಗ್ಯ ಕೆಟ್ಟಿತ್ತು. ಯಾವ ಕಾಯಿಲೆ ಎಂದು ಹೊರಗೆ ಹೇಳುವುದು ಅವರಿಗೇ ಬೇಡವಾಗಿತ್ತು. ನಿಜ ತಿಳಿದ ಮೇಲೆ ನಾವು ಮಾಡಿದ್ದು ಇಷ್ಟು: ವಿಡಿಯೊ ಕೆಳಗಿನ ವಿವರಣೆಯಲ್ಲಿ, ಒತ್ತಿದರೆ ಮಾತ್ರ ತೆರೆಯುವ ಜಾಗದಲ್ಲಿ, ಮೂರು ಸಾಲು ‘ಸ್ಪಷ್ಟೀಕರಣ’. ಆ ಮೂರು ಸಾಲನ್ನು ಟೈಪ್ ಮಾಡಿದವಳು ನಾನೇ.

ಅಮ್ಮ ಹೇಳುತ್ತಾರೆ, ಅಭಿಷಿಕ್ತರ ತಂಟೆಗೆ ಹೋಗಬಾರದು, ಕೀರ್ತನೆಯಲ್ಲೇ ಇದೆ ಎಂದು. ವಾಹಿನಿಯವರು ಹೇಳುತ್ತಾರೆ, ಧರ್ಮಸಭೆಯ ಕಾನೂನು ಸಂಹಿತೆಯ 212ನೇ ನಿಯಮ ನಮಗೆ ಹಕ್ಕು ಕೊಟ್ಟಿದೆ ಎಂದು. ಎರಡೂ ಮಾತು ನನಗೆ ಅರ್ಧಂಬರ್ಧ ಅನಿಸುತ್ತದೆ. ತಿಳಿದವರು ಹೇಳಿ. ನಾವು ಶ್ರೀಸಾಮಾನ್ಯರು, ಅಂದರೆ ಯಾಜಕರಲ್ಲದ ವಿಶ್ವಾಸಿಗಳು, ಧರ್ಮಾಧ್ಯಕ್ಷರನ್ನು ಬಹಿರಂಗವಾಗಿ ಟೀಕಿಸಬಹುದೇ? ಟೀಕಿಸಬಹುದಾದರೆ ನನ್ನ ಕೆಲಸದಲ್ಲಿ ಕೆಟ್ಟದ್ದು ಯಾವುದು?

ನಿಯಮಪ್ರಿಯ:

212ನೇ ನಿಯಮವನ್ನು ಎಲ್ಲರೂ ಉಲ್ಲೇಖಿಸುತ್ತಾರೆ, ಪೂರ್ತಿ ಓದುವವರು ಕಡಿಮೆ. 1983ರ ಸಂಹಿತೆಯ ಆ ನಿಯಮಕ್ಕೆ ಮೂರು ಉಪಭಾಗಗಳಿವೆ. ಮೊದಲನೆಯದು ಧರ್ಮಪಾಲಕರು ವಿಶ್ವಾಸದ ಬೋಧಕರಾಗಿ ಹೇಳುವುದಕ್ಕೆ ಕ್ರೈಸ್ತ ವಿಧೇಯತೆ ಇರಬೇಕು ಎನ್ನುತ್ತದೆ. ಎರಡನೆಯದು, ನಮ್ಮ ಅಗತ್ಯಗಳನ್ನು, ಅದರಲ್ಲೂ ಆಧ್ಯಾತ್ಮಿಕ ಅಗತ್ಯಗಳನ್ನು, ಅವರಿಗೆ ತಿಳಿಸುವ ಸ್ವಾತಂತ್ರ್ಯ. ಮೂರನೆಯದು ವಾಹಿನಿಯವರಿಗೆ ಪ್ರಿಯವಾದದ್ದು. ತಮ್ಮ ಜ್ಞಾನ, ಸಾಮರ್ಥ್ಯ, ಸ್ಥಾನಕ್ಕೆ ತಕ್ಕಂತೆ ಧರ್ಮಸಭೆಯ ಹಿತದ ಬಗ್ಗೆ ಧರ್ಮಪಾಲಕರಿಗೂ ಇತರ ವಿಶ್ವಾಸಿಗಳಿಗೂ ಅಭಿಪ್ರಾಯ ತಿಳಿಸುವ ಹಕ್ಕು ಇದೆ, ಕೆಲವೊಮ್ಮೆ ಅದು ಕರ್ತವ್ಯವೂ ಹೌದು. ‘ಇತರ ವಿಶ್ವಾಸಿಗಳಿಗೂ’ ಎಂಬುದನ್ನು ಗಮನಿಸಿ. ಹಾಗಾಗಿ ಬಹಿರಂಗವಾಗಿ ಮಾತನಾಡುವುದೇ ಪಾಪ ಎಂಬ ನಿಮ್ಮ ಅಮ್ಮನ ಮಾತನ್ನು ಸಂಹಿತೆ ಒಪ್ಪುವುದಿಲ್ಲ.

ಆದರೆ ವಾಕ್ಯ ಅಲ್ಲಿಗೆ ಮುಗಿಯುವುದಿಲ್ಲ. ವಿಶ್ವಾಸ ಮತ್ತು ನೈತಿಕತೆಗೆ ಧಕ್ಕೆ ಬರಬಾರದು, ಧರ್ಮಪಾಲಕರ ಮೇಲಿನ ಗೌರವ ಉಳಿಯಬೇಕು, ಸಾಮಾನ್ಯ ಹಿತವೂ ವ್ಯಕ್ತಿಗಳ ಘನತೆಯೂ ಗಮನದಲ್ಲಿರಬೇಕು ಎಂಬ ಷರತ್ತುಗಳು ಅದೇ ವಾಕ್ಯದಲ್ಲಿವೆ. ಎಂಟು ನಿಯಮ ದಾಟಿ 220ಕ್ಕೆ ಬಂದರೆ, ಯಾರ ಒಳ್ಳೆಯ ಹೆಸರಿಗೂ ಅಕ್ರಮವಾಗಿ ಹಾನಿ ಮಾಡುವಂತಿಲ್ಲ. ಆ ಗುರುಗಳಿಗೂ ಇದು ಅನ್ವಯ, ಧರ್ಮಾಧ್ಯಕ್ಷರಿಗೂ ಅನ್ವಯ.

ಇನ್ನೊಂದು ತುದಿಯಲ್ಲಿ 1373ನೇ ನಿಯಮವಿದೆ. ದಂಡನೆಯ ಭಾಗವನ್ನು 2021ರಲ್ಲಿ ಪರಿಷ್ಕರಿಸಿದ ಮೇಲೂ ಅದು ಉಳಿದಿದೆ. ಅಧಿಕಾರದ ಕೆಲಸವೊಂದರ ಕಾರಣಕ್ಕೆ ಧರ್ಮಾಧ್ಯಕ್ಷರ ವಿರುದ್ಧ ಬಹಿರಂಗವಾಗಿ ದ್ವೇಷ ಹುಟ್ಟಿಸುವುದು, ಅವಿಧೇಯತೆಗೆ ಪ್ರಚೋದಿಸುವುದು ಶಿಕ್ಷಾರ್ಹ. ಟೀಕೆ ಬೇರೆ, ದ್ವೇಷ ಹುಟ್ಟಿಸುವುದು ಬೇರೆ. ಗೆರೆ ತೆಳ್ಳಗಿದೆ ಎಂದು ಎಲ್ಲರೂ ಹೇಳುತ್ತಾರೆ. ನನಗಂತೂ ಅಷ್ಟು ತೆಳ್ಳಗೆ ಕಾಣುವುದಿಲ್ಲ. ನೀವು ಹಳದಿ ಬಣ್ಣ ಬಳಿಯುವಾಗ ಯಾವ ಕಡೆ ಇದ್ದಿರಿ ಎಂದು ನಿಮಗೇ ಗೊತ್ತಿತ್ತು.

ಒಂದೇ ಸಾಲು:

ಅದು ಗೊತ್ತಿದ್ದಕ್ಕೇ ಅವರು ಇಲ್ಲಿ ಬರೆದಿರುವುದು.

ಮೂರನೇ ಬೆಂಚು:

ಗೌರವದ ಪಾಠ ಶುರುವಾಯಿತು. ‘ಖಾಸಗಿಯಾಗಿ ಹೇಳಿ’ ಎಂಬ ಮಾತು ಮುಂದೆ ಬರುತ್ತದೆ ಎಂದು ಗೊತ್ತು, ಹಾಗಾಗಿ ಮೊದಲೇ ಉತ್ತರಿಸುತ್ತೇನೆ. ಖಾಸಗಿಯಾಗಿ ಹೇಳಿದ್ದರು.

ಲೈಂಗಿಕ ದೌರ್ಜನ್ಯಕ್ಕಾಗಿ ಯಾಜಕತ್ವ ಕಳೆದುಕೊಂಡ ಅಮೆರಿಕದ ಮಾಜಿ ಕಾರ್ಡಿನಲ್ ಮೆಕ್ಯಾರಿಕ್ ಪ್ರಕರಣದ ಬಗ್ಗೆ ವ್ಯಾಟಿಕನ್ ತಾನೇ 2020ರ ನವೆಂಬರ್‌ನಲ್ಲಿ ವರದಿ ಪ್ರಕಟಿಸಿತು. ಅದರಲ್ಲಿ ಹೆಸರಿಲ್ಲದ ಒಬ್ಬ ತಾಯಿ ಇದ್ದಾರೆ. 1980ರ ದಶಕದ ನಡುವಿನಲ್ಲಿ, ತಮ್ಮ ಮಕ್ಕಳ ಜೊತೆ ಈ ಮನುಷ್ಯ ನಡೆದುಕೊಳ್ಳುವ ರೀತಿ ಕಂಡು ಹೆದರಿ, ಧರ್ಮಸಭೆಯ ಹಿರಿಯರಿಗೆ ಪತ್ರ ಬರೆದವರು. ಸಹಿ ಹಾಕಲಿಲ್ಲ, ಕುಟುಂಬಕ್ಕೆ ತೊಂದರೆಯಾದೀತು ಎಂಬ ಭಯ. ಅವರು ಯಾವ ಕ್ಯಾಮೆರಾ ಮುಂದೆಯೂ ನಿಲ್ಲಲಿಲ್ಲ. ಆಮೇಲೆ ಏನಾಯಿತು? ಆ ಮನುಷ್ಯ ಮಹಾಧರ್ಮಾಧ್ಯಕ್ಷನಾದ, ಕಾರ್ಡಿನಲ್ ಆದ. ಹೊರಗೆ ಬಂದದ್ದು 2018ರ ಜೂನ್‌ನಲ್ಲಿ, ಯಾಜಕತ್ವ ಹೋದದ್ದು 2019ರ ಫೆಬ್ರವರಿಯಲ್ಲಿ. ನಡುವೆ ಮೂವತ್ತಕ್ಕೂ ಹೆಚ್ಚು ವರ್ಷ.

ಬಾಸ್ಟನ್ನಿನಲ್ಲಿ ಪತ್ರಿಕೆಯೊಂದು ಗುರುಗಳ ಲೈಂಗಿಕ ದೌರ್ಜನ್ಯವನ್ನು ಮುಚ್ಚಿಟ್ಟದ್ದರ ಬಗ್ಗೆ 2002ರ ಜನವರಿಯಲ್ಲಿ ಬರೆಯಲು ಆರಂಭಿಸಿತು, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿನ ಮಹಾಧರ್ಮಾಧ್ಯಕ್ಷ ಕಾರ್ಡಿನಲ್ ಲಾ ರಾಜೀನಾಮೆ ಕೊಟ್ಟರು. ಅದಕ್ಕೂ ಮುಂಚೆ, 1985ರಲ್ಲೇ, ಲೂಸಿಯಾನಾದ ಇಂಥದೇ ಪ್ರಕರಣವನ್ನು ಬೆನ್ನುಹತ್ತಿ ಬರೆದ ಜೇಸನ್ ಬೆರಿ ಒಬ್ಬ ಕಥೋಲಿಕ ಶ್ರೀಸಾಮಾನ್ಯ. ಅವರ ವರದಿಗಳನ್ನು ಹಾಕಿದ್ದು ಶ್ರೀಸಾಮಾನ್ಯರೇ ನಡೆಸುವ ನ್ಯಾಷನಲ್ ಕ್ಯಾಥೊಲಿಕ್ ರಿಪೋರ್ಟರ್. ಆಗಲೂ ‘ಧರ್ಮಸಭೆಗೆ ಕೆಟ್ಟ ಹೆಸರು ತರುತ್ತಿದ್ದೀರಿ’ ಎಂದವರಿದ್ದರು. ಅವರ ಮಾತು ಕೇಳಿದ್ದರೆ ಎಷ್ಟು ಮಕ್ಕಳು?

ಕತ್ತರಿಯವರೇ, ನಿಮ್ಮ ವಾಹಿನಿ ತಪ್ಪು ಮಾಡಿತು, ಒಪ್ಪುತ್ತೇನೆ. ಆದರೆ ಆ ಒಂದು ತಪ್ಪನ್ನು ಹಿಡಿದುಕೊಂಡು ಎಲ್ಲರ ಬಾಯಿಗೆ ಬಟ್ಟೆ ತುರುಕುವವರು ಈಗ ಸಾಲಾಗಿ ಬರುತ್ತಾರೆ, ನೋಡುತ್ತಿರಿ.

ನಿವೃತ್ತ ಉಪದೇಶಿ:

ಸಾಲಿನಲ್ಲಿ ಮೊದಲನೆಯವನು ನಾನು, ಆದರೆ ಕೈಯಲ್ಲಿ ಬಟ್ಟೆ ಇಲ್ಲ.

ಮೂವತ್ತು ವರ್ಷ ಧರ್ಮೋಪದೇಶ ಕಲಿಸಿದ್ದೇನೆ. ಮತ್ತಾಯನ ಶುಭಸಂದೇಶ 18ನೇ ಅಧ್ಯಾಯವನ್ನು ಮಕ್ಕಳಿಗೆ ಹೇಳಿಕೊಡುವಾಗ ಒಂದು ಮೆಟ್ಟಿಲಿನ ಚಿತ್ರ ಬರೆಯುತ್ತಿದ್ದೆ. ಮೊದಲು ಒಬ್ಬನೇ ಹೋಗಿ ಮಾತನಾಡು. ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಕೊನೆಯ ಮೆಟ್ಟಿಲು ಬಹಿರಂಗವೇ, ಅದನ್ನು ಯೇಸುವೇ ಇಟ್ಟದ್ದು. ಆ ತಾಯಿ ಮೊದಲ ಮೆಟ್ಟಿಲು ಹತ್ತಿದ್ದರು. ಮೇಲೆ ಬಾಗಿಲು ಹಾಕಿದ್ದವರು ಬೇರೆ. ಅಂಥ ಕಡೆ ಕೂಗಲೇಬೇಕು.

ಸಂತ ತೋಮಸ್ ಅಕ್ವಿನಾಸ್ ಇದೇ ಪ್ರಶ್ನೆ ಎತ್ತಿಕೊಂಡಿದ್ದಾರೆ. ಅಧೀನನಾದವನು ಮೇಲಿನವರನ್ನು ತಿದ್ದಬಹುದೇ? ತಿದ್ದಬಹುದು, ಆದರೆ ಮಗ ತಂದೆಗೆ ಹೇಳುವಂತೆ, ವಿನಯದಿಂದ. ವಿಶ್ವಾಸಕ್ಕೇ ಅಪಾಯ ಬಂದರೆ ಬಹಿರಂಗವಾಗಿಯೂ ಖಂಡಿಸಬೇಕು ಎನ್ನುತ್ತಾರೆ. ಉದಾಹರಣೆಗೆ ಅವರು ಕೊಡುವುದು ಅಂತಿಯೋಕ್ಯದಲ್ಲಿ ಸಂತ ಪೌಲರು ಸಂತ ಪೇತ್ರರನ್ನು ಮುಖಾಮುಖಿ ಖಂಡಿಸಿದ ಘಟನೆ. ಮೊದಲ ಪೋಪರನ್ನೇ!

ಆದರೆ ಅದೇ ಪೌಲರು ತಿಮೊಥೇಯನಿಗೆ ಬರೆಯುವಾಗ, ಹಿರಿಯನ ಮೇಲಿನ ದೂರನ್ನು ಇಬ್ಬರು ಮೂವರು ಸಾಕ್ಷಿಗಳಿಲ್ಲದೆ ಅಂಗೀಕರಿಸಬೇಡ ಎನ್ನುತ್ತಾರೆ. ಅದರ ಮುಂದಿನ ವಚನದಲ್ಲೇ, ಪಾಪ ಮಾಡುತ್ತಲೇ ಇರುವವರನ್ನು ಎಲ್ಲರೆದುರಿಗೆ ಖಂಡಿಸು ಎಂದೂ ಇದೆ. ಅಕ್ಕಪಕ್ಕದ ಎರಡು ವಚನ. ಒಂದು ಗುಂಪು ಮೊದಲನೆಯದನ್ನು ಬಾಯಿಪಾಠ ಮಾಡುತ್ತದೆ, ಇನ್ನೊಂದು ಗುಂಪು ಎರಡನೆಯದನ್ನು.

ಒಂದೇ ಸಾಲು:

ಮೇಷ್ಟ್ರೇ, ಪೌಲರಿಗೆ ಚಂದಾದಾರರು ಇರಲಿಲ್ಲ.

ನಿವೃತ್ತ ಉಪದೇಶಿ:

ಇದ್ದರು ಕಣಪ್ಪಾ. ಅಂತಿಯೋಕ್ಯದಲ್ಲಿ ನಡೆದದ್ದನ್ನು ಪತ್ರದಲ್ಲಿ ಬರೆದು ಗಲಾತ್ಯದ ಸಭೆಗಳಿಗೆ ಕಳಿಸಿದರಲ್ಲ. ಅಲ್ಲಿ ಇರದಿದ್ದವರಿಗೂ ಗೊತ್ತಾಗಲಿ ಎಂದೇ. ಒಂದೇ ವ್ಯತ್ಯಾಸ, ಮೊದಲು ಪೇತ್ರರ ಮುಖಕ್ಕೇ ಹೇಳಿದ್ದರು.

ನಿಯಮಪ್ರಿಯ:

ಒಳ್ಳೆಯ ಮಾತು. ನನ್ನ ಟಿಪ್ಪಣಿ ಪುಸ್ತಕಕ್ಕೆ ಸೇರಿತು.

ಹಳೇ ಕಡತದ ಗೆದ್ದಲು:

ಈ ಜಗಳ ಯೂಟ್ಯೂಬಿನಿಂದ ಹುಟ್ಟಿತು ಎಂದುಕೊಂಡವರಿಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಉದ್ದವಾದರೆ ಕ್ಷಮಿಸಿ, ಇದು ನನ್ನ ಚಟ.

19ನೇ ಶತಮಾನದ ಫ್ರಾನ್ಸ್. ಲೂಯಿ ವೆಯೊ ಎಂಬ ಶ್ರೀಸಾಮಾನ್ಯ ‘ಲೂನಿವೇರ್’ ಎಂಬ ದಿನಪತ್ರಿಕೆ ನಡೆಸುತ್ತಿದ್ದರು. ಪೋಪರ ಪರಮ ಭಕ್ತ, ತಮಗಿಂತ ಮೆತ್ತಗಿದ್ದ ಧರ್ಮಾಧ್ಯಕ್ಷರ ಪರಮ ಶತ್ರು. ಲೇಖನಿ ಎಂದರೆ ಚಾಕು. 1853ರಲ್ಲಿ ಪ್ಯಾರಿಸ್ಸಿನ ಮಹಾಧರ್ಮಾಧ್ಯಕ್ಷ ಸಿಬೂರ್ ತಮ್ಮ ಗುರುಗಳು ಆ ಪತ್ರಿಕೆ ಓದಬಾರದೆಂದು ಆಜ್ಞೆ ಹೊರಡಿಸಿದರು. ವಿಷಯ ರೋಮಿಗೆ ಹೋಯಿತು. ಒಂಬತ್ತನೇ ಪಯಸ್ ಅದೇ ಮಾರ್ಚಿನಲ್ಲಿ ಫ್ರಾನ್ಸಿನ ಧರ್ಮಾಧ್ಯಕ್ಷರಿಗೆ ಪತ್ರ ಬರೆದು, ಕಥೋಲಿಕ ಬರಹಗಾರರನ್ನು ಪ್ರೋತ್ಸಾಹಿಸಿ, ತಪ್ಪಿದರೆ ತಂದೆಯಂತೆ ಬುದ್ಧಿ ಹೇಳಿ ಎಂದರು. ಸಿಬೂರ್ ಆಜ್ಞೆಯನ್ನು ಹಿಂದಕ್ಕೆ ಪಡೆಯಬೇಕಾಯಿತು. ಗೆದ್ದವರು ಪತ್ರಕರ್ತರು. ಮೂವತ್ತೈದು ವರ್ಷ ಕಳೆದು, 1888ರಲ್ಲಿ, ಹದಿಮೂರನೇ ಲಿಯೊ ತೂರ್ ನಗರದ ಮಹಾಧರ್ಮಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ಶ್ರೀಸಾಮಾನ್ಯರು ಧರ್ಮಾಧ್ಯಕ್ಷರ ಮೇಲೆ ನ್ಯಾಯಾಧೀಶರಂತೆ ಕುಳಿತುಕೊಳ್ಳುವುದರ ಬಗ್ಗೆ ಬೇಸರಪಟ್ಟರು. ರೋಮ್ ಅದೇ, ರಾಗ ಬೇರೆ.

ಇಂಗ್ಲೆಂಡಿನಲ್ಲಿ 1859ರಲ್ಲಿ ಜಾನ್ ಹೆನ್ರಿ ನ್ಯೂಮನ್ ‘ರ‍್ಯಾಂಬ್ಲರ್’ ಪತ್ರಿಕೆಯ ಸಂಪಾದಕರಾಗಿದ್ದರು. ಬೋಧನೆಯ ವಿಷಯದಲ್ಲೂ ವಿಶ್ವಾಸಿಗಳ ಮನಸ್ಸು ಕೇಳಬೇಕು ಎಂದು ಬರೆದರು. ಯೇಸು ದೇವರಿಗೆ ಸಮಾನನಲ್ಲ ಎಂದ ಆರಿಯಸನ ನಾಲ್ಕನೇ ಶತಮಾನದ ಗದ್ದಲದಲ್ಲಿ ಎಷ್ಟೋ ಧರ್ಮಾಧ್ಯಕ್ಷರು ತಡವರಿಸಿದಾಗ ವಿಶ್ವಾಸವನ್ನು ಗಟ್ಟಿಯಾಗಿ ಹಿಡಿದವರು ಸಾಮಾನ್ಯ ಜನ ಎಂಬುದು ಅವರ ವಾದ. ನ್ಯೂಪೋರ್ಟಿನ ಧರ್ಮಾಧ್ಯಕ್ಷರು ಅವರ ಮೇಲೆ ರೋಮಿಗೆ ದೂರು ಕೊಟ್ಟರು. ಸಂಪಾದಕತ್ವವೂ ಹೋಯಿತು. 2019ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಇನ್ನು ಎಡ-ಬಲದ ತಮಾಷೆ. ಮೂರನೇ ಬೆಂಚು ಹೆಸರಿಸಿದ ನ್ಯಾಷನಲ್ ಕ್ಯಾಥೊಲಿಕ್ ರಿಪೋರ್ಟರ್ 1964ರಲ್ಲಿ ಹುಟ್ಟಿದ್ದು. ನಾಲ್ಕೇ ವರ್ಷಕ್ಕೆ, 1968ರಲ್ಲಿ, ಆ ಊರಿನ ಧರ್ಮಾಧ್ಯಕ್ಷರು ಅದನ್ನು ಖಂಡಿಸಿ ಹೆಸರಿನಿಂದ ‘ಕ್ಯಾಥೊಲಿಕ್’ ತೆಗೆಯಿರಿ ಎಂದರು. ಅದು ಉದಾರವಾದಿ ಪತ್ರಿಕೆ. 2011ರಲ್ಲಿ ಡೆಟ್ರಾಯ್ಟ್ ಮಹಾಧರ್ಮಪ್ರಾಂತ್ಯ ‘ರಿಯಲ್ ಕ್ಯಾಥೊಲಿಕ್ ಟಿವಿ’ ಎಂಬ ಕಟ್ಟಾ ಸಂಪ್ರದಾಯವಾದಿ ವಾಹಿನಿಗೆ, ಆ ಹೆಸರು ಬಳಸಲು ನಿಮಗೆ ಅನುಮತಿ ಇಲ್ಲ ಎಂದಿತು. ಆ ವಾಹಿನಿ ಮರುವರ್ಷ ‘ಚರ್ಚ್ ಮಿಲಿಟೆಂಟ್’ ಆಯಿತು. ಪತ್ರಿಕೆ ಹೆಸರು ಬಿಡಲಿಲ್ಲ, ವಾಹಿನಿ ಬಿಟ್ಟಿತು. ಎರಡು ಕಡೆಯವರೂ ಒಬ್ಬರಿಗೊಬ್ಬರು ಮುಖ ನೋಡುವುದಿಲ್ಲ, ಆದರೆ ಕೈಯಲ್ಲಿ ಹಿಡಿದ ಚೀಟಿ ಒಂದೇ.

ಒಬ್ಬ ಪೋಪರ ಕಾಲದಲ್ಲಿ ‘ವಿಧೇಯತೆ, ವಿಧೇಯತೆ’ ಎಂದು ಬರೆಯುತ್ತಿದ್ದವರು ಮುಂದಿನ ಪೋಪರ ಕಾಲದಲ್ಲಿ 212ನೇ ನಿಯಮದ ಭಕ್ತರಾಗುತ್ತಾರೆ, ಅವರು ಬಿಟ್ಟ ವಿಧೇಯತೆಯನ್ನು ಎದುರಿನವರು ಎತ್ತಿಕೊಳ್ಳುತ್ತಾರೆ. ಎರಡು ಬಣಗಳ ಹಳೆಯ ಸಂಚಿಕೆಗಳನ್ನು ಅಕ್ಕಪಕ್ಕ ಇಟ್ಟು ಓದಿದರೆ ನಗು ತಡೆಯಲಾಗದು.

ನಿಯಮಪ್ರಿಯ:

ಹೆಸರಿನ ವಿಷಯಕ್ಕೆ ಸೇರಿಸುತ್ತೇನೆ: 216 ಮತ್ತು 300ನೇ ನಿಯಮಗಳು. ಯಾವ ಉದ್ಯಮವಾಗಲಿ ಸಂಘವಾಗಲಿ ಅಧಿಕಾರಿಗಳ ಒಪ್ಪಿಗೆ ಇಲ್ಲದೆ ‘ಕಥೋಲಿಕ’ ಎಂದು ಕರೆದುಕೊಳ್ಳುವಂತಿಲ್ಲ. ಮಾತನಾಡಲು ಅನುಮತಿ ಬೇಡ, ಫಲಕಕ್ಕೆ ಬೇಕು. ಕತ್ತರಿಯವರ ವಾಹಿನಿಯ ಹೆಸರಿನಲ್ಲಿ ಆ ಪದ ಇದೆಯೇ?

ಕತ್ತರಿ-ಅಂಟು:

ಇದೆ. ಅನುಮತಿ ಕೇಳಿದ್ದು ನನಗೆ ಗೊತ್ತಿಲ್ಲ.

ನಿರ್ವಾಹಕ:

ತಮ್ಮ ಧರ್ಮಪ್ರಾಂತ್ಯದ ಗುರುಗಳ ಹೆಸರು ಹಾಕಿ ಆರೋಪ ಮಾಡಿದ ಎರಡು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ. ಚರ್ಚೆ ಯಾವುದರ ಬಗ್ಗೆ ಎಂದು ಮೇಲೆ ಒಮ್ಮೆ ಓದಿ, ಆಮೇಲೆ ಬರೆಯಿರಿ.

ಕತ್ತರಿ-ಅಂಟು:

ಎಲ್ಲರಿಗೂ ವಂದನೆ. ಮೂರನೇ ಬೆಂಚಿನವರ ಮಾತು ನೋವಾಗುವಷ್ಟು ನಿಜ. ಆ ತಾಯಿಯ ಕಥೆ ನನಗೆ ಗೊತ್ತಿರಲಿಲ್ಲ.

ಒಂದನ್ನು ಮಾತ್ರ ಸೇರಿಸಬೇಕು. ನಮ್ಮ ಕೋಣೆಯಲ್ಲಿ ಒಂದು ಬಿಳಿ ಹಲಗೆ ಇದೆ. ಅದರಲ್ಲಿ ವಾರದ ಐದು ಚೌಕ. ಸೋಮವಾರ ಬೆಳಿಗ್ಗೆ ಚೌಕಗಳಲ್ಲಿ ವಿಷಯ ತುಂಬಬೇಕು. ತುಂಬದ ಚೌಕಕ್ಕೆ ನಾವು ‘ಖಾಲಿ ದಿನ’ ಎನ್ನುತ್ತೇವೆ. ಖಾಲಿ ದಿನ ಇದ್ದಾಗ ಎಲ್ಲರಿಗೂ ಕಸಿವಿಸಿ, ಏಕೆಂದರೆ ಒಂದು ದಿನ ತಪ್ಪಿದರೂ ನೋಡುವವರ ಸಂಖ್ಯೆ ಇಳಿಯುತ್ತದೆ, ದೇಣಿಗೆಯೂ ಇಳಿಯುತ್ತದೆ. ಒಮ್ಮೆ ಪ್ರಾರ್ಥನೆಯ ಬಗ್ಗೆ ಒಂದು ವಾರದ ಸರಣಿ ಮಾಡಿದೆವು. ಚೆನ್ನಾಗಿಯೇ ಇತ್ತು. ಯಾರೂ ನೋಡಲಿಲ್ಲ. ಮರುವಾರ ಕೆಂಪು ಬಾಣ ವಾಪಸ್ ಬಂತು.

ಆ ಗುರುಗಳ ವಿಷಯ ಬಂದದ್ದು ಗುರುವಾರದ ಖಾಲಿ ಚೌಕಕ್ಕೆ. ಅದು ಮಂಗಳವಾರ ಬಂದಿದ್ದರೆ, ಬೇರೆ ವಿಷಯ ಇರುತ್ತಿತ್ತು, ಯಾರಾದರೂ ಒಂದು ಫೋನ್ ಮಾಡಿ ವಿಚಾರಿಸುತ್ತಿದ್ದರು. ಇದು ನನ್ನ ತಲೆಯಿಂದ ಹೋಗುತ್ತಿಲ್ಲ.

ಹಳೇ ಕಡತದ ಗೆದ್ದಲು:

ನನ್ನ ಇಡೀ ಇತಿಹಾಸ ಪಾಠಕ್ಕಿಂತ ಈ ಬಿಳಿ ಹಲಗೆ ಹೆಚ್ಚು ಹೇಳಿತು. ವೆಯೊನದೂ ದಿನಪತ್ರಿಕೆಯೇ. ನ್ಯೂಮನ್ ಬರೆದ ಪತ್ರಿಕೆ ದಿನವೂ ಬರುತ್ತಿರಲಿಲ್ಲ.

ಮೂರನೇ ಬೆಂಚು:

ಹಲಗೆಯ ಮಾತು ಒಪ್ಪಿದೆ. ಆದರೆ ಧರ್ಮಾಧ್ಯಕ್ಷರ ಕಚೇರಿಗೂ ಒಂದು ಹಲಗೆ ಇರುತ್ತದೆ, ಅದರ ಮೇಲೆ ಬರೆದಿರುವುದು ‘ಸುದ್ದಿಯಾಗದಂತೆ ನೋಡಿಕೊಳ್ಳಿ’. ಫೋನ್ ಮಾಡಿದ್ದರೆ ಉತ್ತರ ಸಿಗುತ್ತಿತ್ತು ಎಂದು ಕತ್ತರಿಯವರು ನಂಬಿದ್ದಾರೆ. ನಾನು ಫೋನ್ ಮಾಡಿದ್ದೇನೆ. ‘ಗಮನಕ್ಕೆ ತರುತ್ತೇವೆ’ ಎಂಬ ನಾಲ್ಕನೇ ಉತ್ತರದ ನಂತರ ಬಿಟ್ಟೆ.

ಹಾಗೆಯೇ ಪೋಪ್ ಫ್ರಾನ್ಸಿಸ್ 2021ರ ಸೆಪ್ಟೆಂಬರ್‌ನಲ್ಲಿ ಬ್ರಾಟಿಸ್ಲಾವಾದಲ್ಲಿ ಯೇಸುಸಭೆಯವರ ಜೊತೆ ಮಾತನಾಡುತ್ತಾ, ಒಂದು ದೊಡ್ಡ ಕಥೋಲಿಕ ಟಿವಿ ವಾಹಿನಿ ತಮ್ಮ ಬಗ್ಗೆ ಸದಾ ಕೆಟ್ಟದ್ದು ಹೇಳುತ್ತದೆ, ಅದು ಸೈತಾನನ ಕೆಲಸ ಎಂದರು. ವಾಹಿನಿಯ ಹೆಸರು ಹೇಳಲಿಲ್ಲ, ಎಲ್ಲರಿಗೂ ಗೊತ್ತಾಯಿತು. ಹೆಸರು ಹೇಳದೆ ಬಾಣ ಹಾಕುವ ಕಲೆ ಕೆಂಪು ಬಾಣದವರಿಗೆ ಮಾತ್ರ ಗೊತ್ತಿರುವುದಲ್ಲ.

ನಿವೃತ್ತ ಉಪದೇಶಿ:

ಅದರಲ್ಲಿ ಇನ್ನೊಂದು ಮಾತೂ ಇತ್ತಲ್ಲ. ತನ್ನ ಮೇಲೆ ಟೀಕೆ ಬಂದರೆ ಬರಲಿ, ತಾನು ಪಾಪಿ, ಆದರೆ ಧರ್ಮಸಭೆಗೆ ಅದು ತಕ್ಕದ್ದಲ್ಲ ಎಂಬ ಧಾಟಿ. ಟೀಕೆ ಕೇಳುವವರೂ ಕಲಿಯಬೇಕಾದದ್ದಿದೆ ಎಂದರೆ ಒಪ್ಪುತ್ತೇನೆ. ಅದೇ ಪೋಪರು 2014ರ ಸಿನೋದನ್ನು (ಧರ್ಮಾಧ್ಯಕ್ಷರ ಮಹಾಸಭೆ) ಆರಂಭಿಸುವಾಗ ಅವರಿಗೆ, ನನಗೆ ಬೇಸರವಾದೀತು ಎಂದು ಮಾತು ನುಂಗಬೇಡಿ ಎಂದಿದ್ದರು.

ಒಂದೇ ಸಾಲು:

ಚರ್ಚೆ ನಡೆದಾಗ ಟಿವಿ ಕ್ಯಾಮೆರಾ ಹೊರಗಿತ್ತು.

ಟಪಾಲು ಗುಮಾಸ್ತ:

ಇದುವರೆಗೆ ಓದುತ್ತಿದ್ದೆ. ‘ಗಮನಕ್ಕೆ ತರುತ್ತೇವೆ’ ಎಂಬ ಮಾತು ಬಂದದ್ದರಿಂದ ಬರೆಯುತ್ತೇನೆ, ಏಕೆಂದರೆ ಆ ಮಾತನ್ನು ಟೈಪ್ ಮಾಡುತ್ತಿದ್ದವನು ನಾನು. ಯಾವ ಧರ್ಮಪ್ರಾಂತ್ಯ ಎಂದು ಹೇಳುವುದಿಲ್ಲ. ಹತ್ತು ವರ್ಷ ಧರ್ಮಾಧ್ಯಕ್ಷರ ಕಚೇರಿಯಲ್ಲಿ ಟಪಾಲು ಒಡೆಯುವ ಕೆಲಸ.

ಬೆಳಿಗ್ಗೆ ಪತ್ರಗಳು ಮೂರು ಗುಡ್ಡೆಯಾಗುತ್ತಿದ್ದವು. ಆಮಂತ್ರಣಗಳು ಒಂದು ಕಡೆ, ಲೆಕ್ಕಪತ್ರ ಒಂದು ಕಡೆ, ದೂರುಗಳು ಒಂದು ಕಡೆ. ಸಹಿ ಇಲ್ಲದ ದೂರು ಮೇಲಕ್ಕೆ ಹೋಗುತ್ತಿರಲಿಲ್ಲ. ಎಂಟು ಪುಟ ಬೈಗುಳ ಇದ್ದರೆ ಕಾರ್ಯದರ್ಶಿ ಮೊದಲ ಪ್ಯಾರಾ ಓದಿ ನಗುತ್ತಿದ್ದರು, ಕಡತಕ್ಕೆ ಹೋಗುತ್ತಿತ್ತು. ಒಂದೇ ವಿಷಯ, ತಾರೀಖು, ಏನು ಕಂಡೆ, ಏನು ಕೇಳುತ್ತಿದ್ದೇನೆ, ಸಹಿ, ವಿಳಾಸ ಇದ್ದರೆ ಮಾತ್ರ ಧರ್ಮಾಧ್ಯಕ್ಷರ ಮೇಜಿಗೆ. ಕೊನೆಯಲ್ಲಿ ‘ಪ್ರತಿ: ಪೋಪರ ರಾಯಭಾರಿ’ ಎಂದಿದ್ದರೆ ಅದೇ ಸಂಜೆ. ಇದು ನ್ಯಾಯವೇ? ಅಲ್ಲ. ಹೆದರಿದ ತಾಯಿ ಸಹಿ ಹಾಕುವುದಿಲ್ಲ, ಸಹಿ ಇಲ್ಲದ ಪತ್ರವನ್ನು ನಾನು ಮೇಲೆ ಕಳಿಸುವುದಿಲ್ಲ. ಮೂರನೇ ಬೆಂಚಿನವರು ಇಲ್ಲಿ ಬರೆದದ್ದನ್ನು ಓದಿದಾಗಿನಿಂದ ನನ್ನ ಕೈ ದಾಟಿಹೋದ ಎಷ್ಟೋ ಲಕೋಟೆಗಳು ನೆನಪಾಗುತ್ತಿವೆ.

ಈಗ ದಾರಿ ಸ್ವಲ್ಪ ಬದಲಾಗಿದೆ. ಲೈಂಗಿಕ ದೌರ್ಜನ್ಯ, ಅದನ್ನು ಮುಚ್ಚಿಹಾಕಿದ ಧರ್ಮಾಧ್ಯಕ್ಷರು, ಇವೆರಡಕ್ಕೆ 2019ರಲ್ಲಿ ಬಂದು 2023ರಲ್ಲಿ ಶಾಶ್ವತವಾದ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಪೋಪರ ಆಜ್ಞೆ ಇದೆ. ಧರ್ಮಾಧ್ಯಕ್ಷರ ಮೇಲಿನ ದೂರನ್ನು ಅವರ ಕಚೇರಿಗೇ ಕೊಡಬೇಕಿಲ್ಲ. ರೋಮಿಗೆ ನೇರವಾಗಿ ಅಥವಾ ರಾಯಭಾರಿಯ ಮೂಲಕ ಕೊಡಬಹುದು. ದೂರು ಕೊಟ್ಟವರ ಬಾಯಿಗೆ ಬೀಗ ಹಾಕುವಂತಿಲ್ಲ ಎಂದು ಬರೆದೇ ಇದೆ. ಅಂದರೆ ಪತ್ರ ಕೊಟ್ಟ ಮೇಲೂ ನೀವು ಮಾತನಾಡಬಹುದು.

ಹಣದ ವಿಷಯಕ್ಕೆ ಈ ದಾರಿ ಇಲ್ಲ, ಆದರೆ 1287ನೇ ನಿಯಮದ ಎರಡನೇ ಭಾಗ ನೋಡಿ. ವಿಶ್ವಾಸಿಗಳು ಕೊಟ್ಟ ಕಾಣಿಕೆಯ ಲೆಕ್ಕವನ್ನು ವಿಶ್ವಾಸಿಗಳಿಗೆ ಕೊಡಬೇಕು. ಪ್ರತಿ ಧರ್ಮಪ್ರಾಂತ್ಯದಲ್ಲೂ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ನನ್ನ ಹತ್ತು ವರ್ಷದಲ್ಲಿ ‘ಧರ್ಮಾಧ್ಯಕ್ಷರು ದುಡ್ಡು ತಿಂದರು’ ಎಂಬ ಪತ್ರ ರಾಶಿ ಬಂದವು. ‘1287ರ ಪ್ರಕಾರ ಕಳೆದ ವರ್ಷದ ಲೆಕ್ಕ ಕೊಡಿ’ ಎಂದು ಬಂದದ್ದು ಒಂದೇ. ಅದು ಬಂದ ದಿನ ಕಚೇರಿಯಲ್ಲಿ ಯಾರೂ ನಗಲಿಲ್ಲ.

ಮೂರನೇ ಬೆಂಚು:

ಲೆಕ್ಕ ಕೊಟ್ಟರೇ?

ಟಪಾಲು ಗುಮಾಸ್ತ:

ಕೊಟ್ಟರು. ಐದು ತಿಂಗಳು ಹಿಡಿಯಿತು. ಕೇಳಿದವರು ಆ ಐದು ತಿಂಗಳಲ್ಲಿ ಮೂರು ನೆನಪೋಲೆ ಬರೆದರು. ಮೂರನೆಯದರಲ್ಲಿ, ಇಂತಿಷ್ಟು ದಿನದಲ್ಲಿ ಬರದಿದ್ದರೆ ಈ ಪತ್ರವ್ಯವಹಾರವನ್ನು ಪ್ರಕಟಿಸುತ್ತೇನೆ ಎಂದಿದ್ದರು. ಕ್ಯಾಮೆರಾದ ಭಯ ಬೇಡವೇ ಬೇಡ ಎಂದು ನಾನು ಹೇಳುವುದಿಲ್ಲ.

ಮೂರನೇ ಬೆಂಚು:

ಸರಿ. ನಿಮ್ಮಂಥವರು ಒಳಗೆ ಇದ್ದಿದ್ದರೆ ನನ್ನ ನಾಲ್ಕು ಫೋನ್ ಕರೆ ಉಳಿಯುತ್ತಿತ್ತು. ಇದ್ದಿರಿ ಎನ್ನುತ್ತೀರಿ. ಯೋಚಿಸಬೇಕಾದ ವಿಷಯ.

ಹಳೇ ಕಡತದ ಗೆದ್ದಲು:

ಕೂಗುವವರು ಮೊದಲ ಸಲ ಸರಿಯಾಗಿದ್ದಾಗ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. 2018ರ ಆಗಸ್ಟ್‌ನಲ್ಲಿ ಹಿಂದೆ ಅಮೆರಿಕದಲ್ಲಿ ಪೋಪರ ರಾಯಭಾರಿಯಾಗಿದ್ದ ಮಹಾಧರ್ಮಾಧ್ಯಕ್ಷ ವಿಗಾನೊ ಅವರ ದೀರ್ಘ ಪತ್ರ ಕಥೋಲಿಕ ಮಾಧ್ಯಮಗಳಲ್ಲಿ ಪ್ರಕಟವಾಯಿತು. ಮೆಕ್ಯಾರಿಕ್ ಬಗ್ಗೆ ರೋಮಿಗೆ ಹಿಂದೆಯೇ ಎಚ್ಚರಿಕೆ ಹೋಗಿತ್ತು ಎಂಬ ಭಾಗ ಸುಳ್ಳಾಗಿರಲಿಲ್ಲ. ಆದರೆ ಅದೇ ಪತ್ರದಲ್ಲಿ ಪೋಪ್ ರಾಜೀನಾಮೆ ಕೊಡಲಿ ಎಂಬ ಬೇಡಿಕೆ, ಹತ್ತಾರು ಜನರ ಮೇಲೆ ಆರೋಪ. ಅವುಗಳಲ್ಲಿ ಹಲವನ್ನು 2020ರ ವರದಿ ಒಪ್ಪಲಿಲ್ಲ. ಸರಿಯಾದ ಒಂದು ಮಾತಿಗೆ ಸಿಕ್ಕ ಕಿವಿಗಳನ್ನು ಕಳೆದುಕೊಳ್ಳಲಾಗದೆ ಅವರು ಮುಂದೆ ಮುಂದೆ ಹೋದರು. 2024ರ ಜುಲೈನಲ್ಲಿ ಧರ್ಮಸಭೆಯಿಂದ ಬಹಿಷ್ಕಾರ. ಇವರು ಶ್ರೀಸಾಮಾನ್ಯರಲ್ಲ, ಗೊತ್ತು. ಆದರೆ ಅವರನ್ನು ಹೊತ್ತು ಮೆರೆಸಿದವರು ಶ್ರೀಸಾಮಾನ್ಯರ ಮಾಧ್ಯಮಗಳೇ.

ನಾನು ಮೇಲೆ ಹೆಸರಿಸಿದ ಚರ್ಚ್ ಮಿಲಿಟೆಂಟ್ ಮುಚ್ಚಿದ್ದು 2024ರ ಏಪ್ರಿಲ್‌ನಲ್ಲಿ. ಒಬ್ಬ ಗುರುಗಳು ಹೂಡಿದ ಮಾನನಷ್ಟ ಮೊಕದ್ದಮೆಯಲ್ಲಿ 5 ಲಕ್ಷ ಡಾಲರ್ ಕೊಡಲು ಒಪ್ಪಬೇಕಾಯಿತು. ಪ್ರಶ್ನಾರ್ಥಕ ಚಿಹ್ನೆ ಎಲ್ಲ ಕಡೆಯೂ ಕಾಪಾಡುವುದಿಲ್ಲ, ಕತ್ತರಿಯವರೇ.

ನಿಯಮಪ್ರಿಯ:

ಸಂಹಿತೆಯನ್ನು ಸ್ವಲ್ಪ ಪಕ್ಕಕ್ಕಿಟ್ಟು ಕಥೋಲಿಕ ಧರ್ಮೋಪದೇಶ ಗ್ರಂಥದ 2477ನೇ ಪರಿಚ್ಛೇದ ತೆಗೆಯಿರಿ. ಸಾಕಷ್ಟು ಆಧಾರವಿಲ್ಲದೆ ಇನ್ನೊಬ್ಬರ ತಪ್ಪನ್ನು ನಂಬುವುದು ಒಂದು ಪಾಪ. ಸುಳ್ಳು ಹೇಳಿ ಹೆಸರು ಕೆಡಿಸುವುದು ಇನ್ನೊಂದು. ಇವೆರಡು ಎಲ್ಲರಿಗೂ ಗೊತ್ತು. ನಡುವೆ ಮೂರನೆಯದಿದೆ: ನಿಜವಾದ ತಪ್ಪನ್ನೇ ಆದರೂ ತಕ್ಕ ಕಾರಣವಿಲ್ಲದೆ ಗೊತ್ತಿಲ್ಲದವರಿಗೆ ಹೇಳುವುದು. ವಾಹಿನಿಗಳು ಮರೆಯುವುದು ಇದನ್ನೇ. ‘ನಿಜ ತಾನೇ’ ಎಂದರೆ ಸಾಲದು, ‘ಇವರಿಗೆ ಏಕೆ ಹೇಳಬೇಕು’ ಎಂಬುದಕ್ಕೂ ಉತ್ತರ ಬೇಕು. ಮಕ್ಕಳ ರಕ್ಷಣೆ ತಕ್ಕ ಕಾರಣ. ಖಾಲಿ ಗುರುವಾರ ಅಲ್ಲ.

ಹತ್ತು ಪರಿಚ್ಛೇದ ಮುಂದೆ, 2487ರಲ್ಲಿ, ಕೆಡಿಸಿದ ಹೆಸರನ್ನು ಸರಿಪಡಿಸುವ ಹೊಣೆ ಇದೆ. ಕ್ಷಮೆ ಸಿಕ್ಕಿದ ಮೇಲೂ ಆ ಹೊಣೆ ಹೋಗುವುದಿಲ್ಲ. ಒತ್ತಿದರೆ ತೆರೆಯುವ ಮೂರು ಸಾಲು ಅದಕ್ಕೆ ಸಾಲುತ್ತದೆ ಎಂದು ನನಗೆ ಅನಿಸುವುದಿಲ್ಲ.

ಕತ್ತರಿ-ಅಂಟು:

ನಾಲ್ಕು ದಿನ ಇಲ್ಲಿ ಬರಲಾಗಲಿಲ್ಲ. ನಿಯಮಪ್ರಿಯರು ಬರೆದದ್ದನ್ನು ಮುದ್ರಿಸಿಕೊಂಡು ವಾಹಿನಿಯವರ ಮುಂದಿಟ್ಟೆ. ಮೊದಲು ಕೋಪ ಬಂತು. ‘ನಾವು ಕ್ಷಮೆ ಕೇಳಿದರೆ ನಾಳೆ ನಿಜವಾದದ್ದನ್ನು ಹೇಳಿದಾಗಲೂ ಯಾರೂ ನಂಬುವುದಿಲ್ಲ’ ಎಂದರು. ಕೇಳದಿದ್ದರೆ ನಾನು ನಂಬುವುದಿಲ್ಲ ಎಂದೆ. ಇಷ್ಟು ದಿನ ಅವರ ಜೊತೆ ಹಾಗೆ ಮಾತನಾಡಿರಲಿಲ್ಲ.

ಕೊನೆಗೆ ಒಪ್ಪಿದರು. ಬರುವ ಗುರುವಾರ, ಅದೇ ಹೊತ್ತಿಗೆ, ಪ್ರತ್ಯೇಕ ವಿಡಿಯೊ. ನಾನು ಹತ್ತು ನಿಮಿಷ ಕೇಳಿದ್ದೆ, ಎರಡು ನಿಮಿಷ ಸಿಕ್ಕಿತು. ಥಂಬ್‌ನೇಲ್‌ನಲ್ಲಿ ವಾಹಿನಿಯವರದೇ ಮುಖ, ಬಾಣ ಇಲ್ಲ. ‘ನಾವು ತಪ್ಪು ಹೇಳಿದ್ದೆವು’ ಎಂದು ಬರೆದು, ಅಭ್ಯಾಸಬಲದಿಂದ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಟ್ಟಿದ್ದೆ. ಆಮೇಲೆ ತೆಗೆದೆ.

ಈಗ ಒಂದು ತೊಡಕು. ಆ ಗುರುಗಳ ಹೆಸರನ್ನು ಈ ವಿಡಿಯೊದಲ್ಲಿ ಹೇಳಬೇಕೇ? ಹೇಳದಿದ್ದರೆ ಯಾರ ಬಗ್ಗೆ ಎಂದು ಯಾರಿಗೂ ತಿಳಿಯುವುದಿಲ್ಲ. ಹೇಳಿದರೆ ಮೊದಲಿನದನ್ನು ನೋಡದವರಿಗೂ ಅವರ ಹೆಸರು, ಅವರ ಕಾಯಿಲೆ ಎಲ್ಲ ತಲುಪುತ್ತದೆ.

ನಿವೃತ್ತ ಉಪದೇಶಿ:

ಕಾಯಿಲೆ ಎಂಬ ಪದವೇ ಬೇಡ. ‘ನಾವು ಹೇಳಿದ ಕಾರಣ ಸುಳ್ಳು’ ಎಂದರೆ ಸಾಕು. ಧರ್ಮಾಧ್ಯಕ್ಷರ ಹೆಸರು ಹೇಳಿ ಕ್ಷಮೆ ಕೇಳಿ, ಅವರದು ಬಹಿರಂಗ ಸ್ಥಾನ.

ಟಪಾಲು ಗುಮಾಸ್ತ:

ಗುರುಗಳ ಹೆಸರಿನ ವಿಷಯ ನಾವು ಹತ್ತು ಜನ ಇಲ್ಲಿ ಕುಳಿತು ತೀರ್ಮಾನಿಸುವುದು ಏಕೆ? ಅವರನ್ನೇ ಕೇಳಿ.

ಕತ್ತರಿ-ಅಂಟು:

ಇದು ಏಕೆ ಹೊಳೆಯಲಿಲ್ಲವೋ.

ಅವರ ನಂಬರ್ ಸಿಕ್ಕಿತು. ಸಂಜೆ ಎರಡು ಸಲ ಕರೆ ಮಾಡಿದೆ, ಎತ್ತಲಿಲ್ಲ. ಬಲಿಪೂಜೆಯ ಹೊತ್ತಿರಬಹುದು, ವಿಶ್ರಾಂತಿಯಲ್ಲೂ ಇರಬಹುದು. ನಾಳೆ ಬೆಳಿಗ್ಗೆ ಮತ್ತೆ ಮಾಡುತ್ತೇನೆ. ಗುರುವಾರದ ಚೌಕವನ್ನು ಅಲ್ಲಿಯವರೆಗೆ ಖಾಲಿ ಬಿಡಲು ಹೇಳಿದ್ದೇನೆ.